ಕೊನೆಯ ಗೆರೆಯ ಕೆಳಗೆ

ಇಂದು ಬೆಳಿಗ್ಗೆ ಮಗಳ ಜ್ವರ ನೋಡಲೆಂದು ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಗಾಜಿನ ಮೇಲಿನ ಸಣ್ಣ ಗೆರೆಗಳನ್ನು ಕಂಡು ನನಗೆ ಸ್ನ್ಯಾಗ್ ನೆನಪಾಯಿತು.

ಕೆನಡಾದ ಯೂಕಾನ್‌ನಲ್ಲಿ, ಅಲಾಸ್ಕಾದ ಗಡಿಗೆ ಹತ್ತಿರವಿದ್ದ ಪುಟ್ಟ ವಿಮಾನ ನಿಲ್ದಾಣವದು. 1947ರ ಫೆಬ್ರುವರಿ 3ರಂದು ಅಲ್ಲಿನ ಹವಾಮಾನ ವೀಕ್ಷಕರು ನೋಡಿದಾಗ, ಥರ್ಮಾಮೀಟರಿನೊಳಗಿನ ಆಲ್ಕೋಹಾಲ್ ಕೊನೆಯ ಗೆರೆಯಾದ ಮೈನಸ್ 80 ಡಿಗ್ರಿ ಫ್ಯಾರನ್‌ಹೀಟನ್ನೂ (ಸುಮಾರು ಮೈನಸ್ 62 ಡಿಗ್ರಿ ಸೆಲ್ಸಿಯಸ್) ದಾಟಿ ಕೆಳಗಿಳಿದಿತ್ತು. (ಪಾದರಸವಾಗಿದ್ದರೆ ಮೈನಸ್ 39 ಡಿಗ್ರಿ ಸೆಲ್ಸಿಯಸ್‌ಗೇ ಗಟ್ಟಿಯಾಗಿಬಿಡುತ್ತಿತ್ತು.) ಅಳೆಯಲು ಗೆರೆಯೇ ಇಲ್ಲದ ಕಡೆ ಅಂದಾಜಿನ ಸಂಖ್ಯೆ ಬರೆದು ಕೈತೊಳೆದುಕೊಳ್ಳದೆ, ಅವರು ಗಾಜಿನ ಮೇಲೆ ತಾವೇ ಗುರುತು ಹಾಕಿದರು. ಆ ಶ್ರದ್ಧೆ ನನಗೆ ತುಂಬ ದೊಡ್ಡದೆನಿಸುತ್ತದೆ. ಉಪಕರಣವನ್ನು ಟೊರಾಂಟೊದಲ್ಲಿ ಪರೀಕ್ಷಿಸಿದ ಮೇಲೆ ಮೈನಸ್ 63 ಡಿಗ್ರಿ ಸೆಲ್ಸಿಯಸ್ ಎಂದು ದಾಖಲಾಯಿತು. ಗ್ರೀನ್‌ಲ್ಯಾಂಡನ್ನು ಬಿಟ್ಟರೆ ಉತ್ತರ ಅಮೆರಿಕದಲ್ಲಿ ಅದಕ್ಕಿಂತ ಕಡಿಮೆ ಉಷ್ಣಾಂಶ ಇಂದಿಗೂ ದಾಖಲಾಗಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಅಲ್ಲಿನ ಸದ್ದು. ಭಾರವಾದ ತಣ್ಣನೆಯ ಗಾಳಿ ಬೋಗುಣಿಯಂಥ ಕಣಿವೆಯ ತಳದಲ್ಲಿ ನಿಶ್ಚಲವಾಗಿ ನಿಂತು, ಅದರ ಮೇಲೆ ಬೆಚ್ಚಗಿನ ಪದರವಿರುವಾಗ, ಶಬ್ದವು ಆಕಾಶಕ್ಕೆ ಚದುರದೆ ನೆಲದತ್ತ ಬಾಗುತ್ತದೆ. ಹಾಗಾಗಿ ಮೈಲಿಗಳಾಚೆಯ ಹಳ್ಳಿಯ ನಾಯಿಗಳ ಬೊಗಳುವಿಕೆಯೂ ಜನರ ಮಾತೂ ನಿಲ್ದಾಣದಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದವಂತೆ. ಬಿಟ್ಟ ಉಸಿರು ಹೆಪ್ಪುಗಟ್ಟುವಾಗ ಸಣ್ಣಗೆ ಹಿಸ್ಸೆನ್ನುತ್ತಿತ್ತಂತೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಆ ನಿಲ್ದಾಣ ಮುಚ್ಚಿ ದಶಕಗಳಾಗಿವೆ. ಚಳಿಯ ಮಾತು ಬಂದಾಗಲೆಲ್ಲ ನಾವು ಸೈಬೀರಿಯವನ್ನಷ್ಟೇ ಹೆಸರಿಸುತ್ತೇವೆ. ಸ್ನ್ಯಾಗ್‌ನ ಹೆಸರೂ ಆ ಮಾತಿನಲ್ಲಿ ಬರಬೇಕೆಂಬುದು ನನ್ನ ಆಸೆ.