ಎರಡನೇ ಆಂಟಿಬಯಾಟಿಕ್ ಬರೆಯುವ ಮೊದಲು ಒಂದು ಸ್ಲೈಡ್ ನೋಡಿ

ನಾನು ಬೆಂಗಳೂರಿನಲ್ಲಿ ಪ್ರಾಣಿಗಳ ಡಾಕ್ಟರ್. ನೋಡುವುದು ನಾಯಿ, ಬೆಕ್ಕುಗಳನ್ನೇ ಜಾಸ್ತಿ. ಕ್ಲಿನಿಕ್‌ಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲ ವಾರವೇ ಒಂದು ಮಾತು ಹೇಳುತ್ತೇನೆ. ಒಂದು ಕೋರ್ಸ್ ಆಂಟಿಬಯಾಟಿಕ್ ಕೊಟ್ಟ ಮೇಲೂ ಮಾಯದ ಗಾಯ, ಇಳಿಯದ ಊತ, ನಿಲ್ಲದ ಸೀನು ಕಂಡರೆ ಎರಡನೇ ಕೋರ್ಸ್ ಬರೆಯಬೇಡಿ. ಅದು ಫಂಗಸ್ ಇರಬಹುದು. ಅಲ್ಲಿಂದ ಸ್ವಲ್ಪ ತೆಗೆದು ಗಾಜಿನ ಮೇಲೆ ಹರಡಿ ಮೈಕ್ರೋಸ್ಕೋಪಿಗೆ ಸ್ಲೈಡ್ ಮಾಡಿ. ಅದನ್ನು ನೋಡುವವರೆಗೆ ಸ್ಟಿರಾಯ್ಡ್ ಅಂತೂ ಮುಟ್ಟಲೇಬೇಡಿ.

ಇದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದು ಯಲಹಂಕ ಕಡೆಯ ಒಂದು ಬೆಕ್ಕಿನಿಂದ. ಅಪಾರ್ಟ್‌ಮೆಂಟಿನಲ್ಲಿ ಬೆಳೆದದ್ದು, ಹೊರಗೆ ಹೋಗುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಸೀನು, ಒಂದೇ ಹೊಳ್ಳೆಯಿಂದ ಸಿಂಬಳ. ಬೇರೆ ಕಡೆ ಶೀತ ಅಂತ ಆಂಟಿಬಯಾಟಿಕ್ ಕೊಟ್ಟಿದ್ದರು. ಆಮೇಲೆ ಅಲರ್ಜಿ ಇರಬಹುದು ಅಂತ ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್. ಕೆಲವು ದಿನ ಊಟ ಚೆನ್ನಾಗಿ ಮಾಡಿತಂತೆ, ಸೀನೂ ಕಡಿಮೆಯಾಯಿತಂತೆ. ಅದಾದ ಮೇಲೆ ಮೂಗಿನ ಮೇಲ್ಭಾಗ ಉಬ್ಬತೊಡಗಿತು. ಸಾಕಿದವರು ನಿವೃತ್ತ ಟೀಚರ್. ಟೇಬಲ್ ಮೇಲೆ ಬೆಕ್ಕನ್ನು ಇಡುವ ಮೊದಲೇ ಕೇಳಿದರು, "ಡಾಕ್ಟ್ರೇ, ಕ್ಯಾನ್ಸರ್ ಅಲ್ಲ ತಾನೇ?" "ಇರಿ ಮೇಡಂ, ಮೊದಲು ಒಳಗೇನಿದೆ ನೋಡೋಣ" ಅಂದೆ.

ಊತಕ್ಕೆ ಸಣ್ಣ ಸೂಜಿ ಹಾಕಿ, ಬಂದದ್ದನ್ನು ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಕಣ್ಣಿಟ್ಟ ತಕ್ಷಣ ಗೊತ್ತಾಯಿತು. ಬೆಂದ ಸಬ್ಬಕ್ಕಿಯಲ್ಲಿ ನಡುವೆ ಒಂದು ಚುಕ್ಕೆ, ಸುತ್ತ ತಿಳಿಯಾದ ಲೋಳೆ ಇರುತ್ತದಲ್ಲ, ಹಾಗೆ ದುಂಡನೆಯ ಕೋಶಗಳು. ಕೆಲವಕ್ಕೆ ಸಣ್ಣ ಕತ್ತಿನ ಮೊಗ್ಗು ಅಂಟಿಕೊಂಡಿತ್ತು. ಕ್ರಿಪ್ಟೋಕಾಕಸ್. ಬೆಕ್ಕುಗಳಲ್ಲಿ ಮೈಯೊಳಗೆ ಹರಡುವ ಫಂಗಸ್‌ಗಳ ಪೈಕಿ ಜಗತ್ತಿನಲ್ಲೇ ಹೆಚ್ಚು ಕಾಣುವುದು ಇದೇ. ಸುತ್ತಲಿನ ಆ ಲೋಳೆಯ ಪದರವೇ ಅದನ್ನು ಮೈಯ ರಕ್ಷಣೆಯಿಂದ ಕಾಪಾಡುತ್ತದೆ. ಅದರ ಮೇಲೆ ಸ್ಟಿರಾಯ್ಡ್ ಕೊಟ್ಟರೆ ಬಾವು ಇಳಿದು ಪ್ರಾಣಿಗೆ ಹಾಯೆನಿಸುತ್ತದೆ, ಫಂಗಸ್‌ಗೂ ದಾರಿ ತೆರೆಯುತ್ತದೆ. ಆ ಕೆಲವು ದಿನದ ಸುಧಾರಣೆ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ಫಂಗಸ್ ಅಂದ ಕೂಡಲೇ ಮನೆಯವರ ಮನಸ್ಸಿಗೆ ಬರುವುದು ಹುಳುಕಡ್ಡಿ. ಅದು ಚರ್ಮದ ಮೇಲಿನದು. ಇದು ಉಸಿರಿನ ಜೊತೆ ಒಳಗೆ ಹೋಗಿ ಮೂಗು, ಶ್ವಾಸಕೋಶ, ಕಣ್ಣು, ಮೆದುಳಿನವರೆಗೂ ಹೋಗಬಲ್ಲದು. ಹೊರಗೇ ಹೋಗದ ಬೆಕ್ಕಿಗೆ ಎಲ್ಲಿಂದ ಬಂತು? ಯುಟಿಲಿಟಿ ಬಾಲ್ಕನಿ ಬಗ್ಗೆ ಕೇಳಿದೆ. ಎಸಿ ಯೂನಿಟ್ ಹಿಂದೆ ಪಾರಿವಾಳ ಗೂಡು ಕಟ್ಟಿತ್ತು, ಬೆಕ್ಕು ದಿನವಿಡೀ ಅಲ್ಲೇ ಕೂತು ನೋಡುತ್ತಿತ್ತಂತೆ. ಪಾರಿವಾಳದ ಹಳೆಯ, ಒಣಗಿದ ಹಿಕ್ಕೆಯಲ್ಲಿ ಕ್ರಿಪ್ಟೋಕಾಕಸ್ ನಿಯೋಫಾರ್ಮನ್ಸ್ ಚೆನ್ನಾಗಿ ಬೆಳೆಯುತ್ತದೆ. ಅಲ್ಲಿಂದಲೇ ಬಂತು ಅಂತ ಪ್ರಮಾಣ ಮಾಡಲಾರೆ, ಆದರೆ ಆ ಜಾಗವನ್ನು ಕ್ಲೀನ್ ಮಾಡಿಸದೆ ಔಷಧಿ ಶುರು ಮಾಡುವುದೂ ಸರಿಯಲ್ಲ. ಒಣಗಿದ್ದನ್ನು ಗುಡಿಸಬಾರದು. ಮಾಸ್ಕ್ ಹಾಕಿ, ನೀರು ಹಾಕಿ ಚೆನ್ನಾಗಿ ನೆನೆಸಿ ತೆಗೆಯಬೇಕು, ಆಮೇಲೆ ನೆಟ್ ಹಾಕಿಸಬೇಕು. ಇದೇ ಗುಂಪಿನ ಇನ್ನೊಂದು ಫಂಗಸ್, ಕ್ರಿಪ್ಟೋಕಾಕಸ್ ಗಟ್ಟಿಯೈ, 1990ರಲ್ಲಿ ಆಸ್ಟ್ರೇಲಿಯಾದಲ್ಲಿ ನೀಲಗಿರಿ ಮರದ ಮೇಲೆ ಸಿಕ್ಕಿತು. ನಮ್ಮ ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ನೀಲಗಿರಿ ತೋಪುಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಹಾಗಾಗಿ ಫಾರ್ಮ್‌ಹೌಸ್ ನಾಯಿ ಬಂದರೆ ಸುತ್ತ ಏನಿದೆ ಅಂತಲೂ ಕೇಳುತ್ತೇನೆ.

ನಾಯಿಗಳಲ್ಲಿ ಕಥೆ ಬೇರೆ. ಅಲ್ಲಿ ಕ್ರಿಪ್ಟೋಕಾಕಸ್ ಕಣ್ಣು ಮತ್ತು ಮೆದುಳನ್ನು ಹಿಡಿಯುವುದು ಜಾಸ್ತಿ. ದಿಢೀರನೆ ಕಣ್ಣು ಕಾಣುವುದಿಲ್ಲ, ತಲೆ ಓರೆಯಾಗುತ್ತದೆ, ಫಿಟ್ಸ್ ಬರುತ್ತದೆ. ನಮ್ಮೂರಲ್ಲಿ ಇದಕ್ಕೆ ಮೊದಲು ಉಣ್ಣೆಯಿಂದ ಬರುವ ಟಿಕ್ ಫೀವರ್, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಅಂತ ಯೋಚಿಸುವುದು ಸರಿಯೇ. ಅಲ್ಲಿಗೇ ನಿಲ್ಲುವುದು ಸರಿಯಲ್ಲ.

ಜರ್ಮನ್ ಶೆಪರ್ಡ್ ಬಗ್ಗೆ ಒಂದು ಮಾತು. ಬೆನ್ನು ನೋವು, ತೂಕ ಇಳಿಕೆ, ಬಂದು ಹೋಗುವ ಜ್ವರ. ನೋವಿನ ಮಾತ್ರೆ ಮೇಲೆ ನೋವಿನ ಮಾತ್ರೆ. ಈ ತಳಿಯ ಹೆಣ್ಣು ನಾಯಿಗಳಲ್ಲಿ ಆಸ್ಪರ್ಜಿಲಸ್ ಅನ್ನುವ ಇನ್ನೊಂದು ಫಂಗಸ್ ಮೈತುಂಬ ಹರಡಿ ಬೆನ್ನುಮೂಳೆಯ ಡಿಸ್ಕ್ ಹಿಡಿಯುವುದುಂಟು. ಮೂತ್ರವನ್ನು ಯಂತ್ರದಲ್ಲಿ ಜೋರಾಗಿ ಸುತ್ತಿಸಿ ಕೆಳಗೆ ಕೂತದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್‌ನ ಎಳೆಗಳು ಕೆಲವೊಮ್ಮೆ ಅಲ್ಲೇ ಕಾಣುತ್ತವೆ. ಎಷ್ಟು ಅಗ್ಗದ ಪರೀಕ್ಷೆ ಅಲ್ವಾ? ಎಂಆರ್‌ಐಗೆ ಕಳಿಸುವ ಮೊದಲು ಇದನ್ನು ಮಾಡಿ.

ಐಟಿ ಊರು ಆದ್ದರಿಂದ ಇನ್ನೊಂದು ಪ್ರಶ್ನೆಯೂ ಬೇಕು: ನಾಯಿ ಅಮೆರಿಕದಿಂದ ಬಂದಿದೆಯಾ? ಅರಿಜೋನಾ, ಕ್ಯಾಲಿಫೋರ್ನಿಯಾದ ಒಣ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಅನ್ನುವ ಫಂಗಸ್ ಇರುತ್ತದೆ. ಅಲ್ಲಿಂದ ಬಂದ ನಾಯಿ ಕೆಮ್ಮುತ್ತಿದ್ದರೆ, ಕುಂಟುತ್ತಿದ್ದರೆ ಅದನ್ನು ಮರೆಯಬಾರದು. ಸ್ಯಾಂಪಲ್ ಅನ್ನು ಫಂಗಸ್ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸುವುದಾದರೆ ಲ್ಯಾಬಿಗೆ ಮೊದಲೇ ಫೋನ್ ಮಾಡಿ ಹೇಳಲೇಬೇಕು. ತಟ್ಟೆಯಲ್ಲಿ ಬೆಳೆದ ಆ ಬೂಷ್ಟಿನ ಕಣಗಳು ಲ್ಯಾಬಿನವರ ಶ್ವಾಸಕೋಶಕ್ಕೆ ನಿಜವಾದ ಅಪಾಯ.

ಔಷಧಿ ವಿಷಯಕ್ಕೆ ಬರುತ್ತೇನೆ, ಕಷ್ಟ ಇರುವುದು ಇಲ್ಲೇ. ಮಾತ್ರೆ ದಿನಗಟ್ಟಲೆ ಅಲ್ಲ, ತಿಂಗಳುಗಟ್ಟಲೆ. ಟೀಚರ್ ಬೆಕ್ಕಿಗೆ ಫ್ಲುಕೊನಜೋಲ್ ಅನ್ನುವ ಫಂಗಸ್ ಔಷಧಿ ಕೊಟ್ಟೆ. ಅದು ಕಣ್ಣು, ಮೆದುಳಿಗೂ ಚೆನ್ನಾಗಿ ತಲುಪುತ್ತದೆ, ಬೆಲೆಯೂ ಕಡಿಮೆ. ಇನ್ನೊಂದು ಫಂಗಸ್ ಔಷಧಿ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಆದರೆ ಊಟದ ಜೊತೆಗೇ ಕೊಡಬೇಕು. ನಮ್ಮಲ್ಲಿ ಹೊಟ್ಟೆಗೆ ಇರಲಿ ಅಂತ ಸುಮ್ನೆ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಬರೆಯುವ ಅಭ್ಯಾಸ ಇದೆ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಈ ಕ್ಯಾಪ್ಸೂಲ್ ಮೈಗೆ ಸರಿಯಾಗಿ ಸೇರುವುದೇ ಇಲ್ಲ. ಔಷಧಿ ಕೆಲಸ ಮಾಡುತ್ತಿಲ್ಲ ಅನ್ನುವ ಮೊದಲು ಚೀಟಿಯನ್ನು ಇನ್ನೊಮ್ಮೆ ಓದಿ. ಔಷಧಿ ನಡೆಯುವಾಗ ಪ್ರಾಣಿ ಊಟ ಬಿಟ್ಟರೆ ಲಿವರ್ ಟೆಸ್ಟ್ ಮಾಡಿಸಿ.

ಊತ ಇಳಿದ ಮೇಲೆ ಟೀಚರ್ ಕೇಳಿದರು, "ಈಗ ಚೆನ್ನಾಗಿದ್ದಾನಲ್ಲ, ನಿಲ್ಲಿಸಬಹುದಾ?" ಬೇಡ ಅಂದೆ. ಕ್ರಿಪ್ಟೋಕಾಕಸ್‌ಗೆ ರಕ್ತದಲ್ಲಿ ಆಂಟಿಜೆನ್ ಪರೀಕ್ಷೆ ಇದೆ. ಅದು ಫಂಗಸ್‌ನ ಲೋಳೆಯ ಪದರವನ್ನೇ ಪತ್ತೆ ಹಚ್ಚುವುದರಿಂದ ಮನುಷ್ಯರ ಕಿಟ್ಟೇ ಬೆಕ್ಕಿಗೂ ನಡೆಯುತ್ತದೆ. ಪರೀಕ್ಷೆಯಲ್ಲಿ ಬರುವ ಸಂಖ್ಯೆ ಇಳಿಯುತ್ತಾ ಬಂದು ಏನೂ ಇಲ್ಲ ಅನ್ನುವವರೆಗೆ ಮಾತ್ರೆ ನಿಲ್ಲಿಸಬಾರದು. ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಒಂದು ದಿನವೂ ತಪ್ಪಿಸಲಿಲ್ಲ. ಬೆಕ್ಕು ಉಳಿದದ್ದರಲ್ಲಿ ನನ್ನ ಸ್ಲೈಡಿಗಿಂತ ಅವರ ಪಾಲು ದೊಡ್ಡದು.

"ಮೊಮ್ಮಕ್ಕಳಿಗೆ ಅಂಟುತ್ತಾ?" ಅಂತಲೂ ಕೇಳಿದ್ದರು. ಕ್ರಿಪ್ಟೋಕಾಕಸ್ ಬೆಕ್ಕಿನಿಂದ ಮನೆಯವರಿಗೆ ಹರಡುವುದಿಲ್ಲ. ಅಪಾಯ ಇದ್ದರೆ ಬಾಲ್ಕನಿಯ ಹಿಕ್ಕೆಯಿಂದ, ಅದರಲ್ಲೂ ಮನೆಯಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದವರಿದ್ದರೆ. ಸ್ಪೋರೋಟ್ರೈಕೋಸಿಸ್ ಅನ್ನುವ ಇನ್ನೊಂದು ಫಂಗಸ್ ಕಾಯಿಲೆ ಮಾತ್ರ ಹಾಗಲ್ಲ. ಹುಣ್ಣಾದ ಬೆಕ್ಕು ಪರಚಿದರೆ, ಕಚ್ಚಿದರೆ ಅದು ಮನುಷ್ಯರಿಗೂ ಬರುತ್ತದೆ. ಬ್ರೆಜಿಲ್‌ನಲ್ಲಿ ಬೆಕ್ಕುಗಳಿಂದಲೇ ಸಾವಿರಾರು ಜನರಿಗೆ ಬಂದಿದೆ. ಆದ್ದರಿಂದ ಮಾಯದ ಹುಣ್ಣಿನ ಬೆಕ್ಕು ಟೇಬಲ್ ಮೇಲೆ ಬಂದರೆ ನಮ್ಮ ಕ್ಲಿನಿಕ್‌ನಲ್ಲಿ ಡಾಕ್ಟರ್, ಅದನ್ನು ಹಿಡಿಯುವ ಹುಡುಗ, ಟೇಬಲ್ ಒರೆಸುವ ಅಕ್ಕ, ಮೂವರೂ ಗ್ಲೌಸ್ ಹಾಕಿಕೊಳ್ಳುತ್ತಾರೆ.