ಮೆಟ್ಟುಗತ್ತಿಯ ಪಕ್ಕ ಕೂತು ನೋಡುವುದು

ಟೋಪಿ ಮಾರುವವನ ಕಥೆ ಕೇಳಿ ಬೆಳೆದ ನಮಗೆಲ್ಲ ಮಂಗ ಎಂದರೆ ಕಂಡದ್ದನ್ನು ಹಾಗೇ ಮಾಡಿ ತೋರಿಸುವ ಪ್ರಾಣಿ. ತೀರ್ಥಹಳ್ಳಿ ಕಡೆಯ ತೋಟದವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಸುಗ್ಗಿಯಲ್ಲಿ ನಮ್ಮ ಅಂಗಳದ ಹಲಸಿನ ಮರದ ಮೇಲೆ ಹಿಂಡು ಬಂದು ಕೂರುತ್ತದೆ, ಕೆಳಗೆ ನಾವು ಮೆಟ್ಟುಗತ್ತಿಯಲ್ಲಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿಯಲ್ಲಿ, ಅಡಿಕೆ ಸುಲಿಯುವುದನ್ನು ಬಹಳ ಹೊತ್ತು ನೋಡುತ್ತದೆ. ಬಾಳೆಗೊನೆ ಹಾಳು ಮಾಡುತ್ತದೆ, ಎಳೆ ಅಡಿಕೆ ಚೀಪಿ ಬಿಸಾಡುತ್ತದೆ. ಆದರೆ ನಮ್ಮ ಕೈ ನೋಡಿ ಸುಲಿಯುವ ಕೆಲಸಕ್ಕೆ ಇಳಿದ ಒಂದು ಮಂಗವೂ ಇಲ್ಲ. ಪ್ರಯೋಗ ಮಾಡಿ ನೋಡಿದವರದೂ ಇದೇ ಅಭಿಪ್ರಾಯ: ಬೆಳೆದ ಮಂಗಗಳು ಹೊಸ ಕೆಲಸವನ್ನು ನೋಡಿ ಅನುಕರಿಸುವುದು ತೀರಾ ಅಪರೂಪ.

ಹಾಗಂತ ನೋಡುವಾಗ ಅದರ ತಲೆಯೊಳಗೆ ಏನೂ ನಡೆಯುವುದಿಲ್ಲ ಎಂದಲ್ಲ. ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದ ಮೇಲೆ ನನ್ನನ್ನು ಬಿಡದೆ ಹಿಡಿದುಕೊಂಡ ವಿಷಯ ಇದೊಂದೇ.

1990ರ ದಶಕದ ಶುರುವಿನಲ್ಲಿ ಇಟಲಿಯ ಪಾರ್ಮಾದಲ್ಲಿ ಜಾಕೊಮೊ ರಿಝೊಲಾಟಿ ಮತ್ತು ಅವರ ಜೊತೆಯವರು ಮಂಗದ ಮಿದುಳಿನಲ್ಲಿ, ಕೈಯ ಚಲನೆಗೆ ಸಂಬಂಧಿಸಿದ ಎಫ್5 ಎಂಬ ಜಾಗದಲ್ಲಿ, ಒಂದೊಂದೇ ನರಕೋಶದ ವಿದ್ಯುತ್ ಮಿಡಿತವನ್ನು ದಾಖಲಿಸುತ್ತಿದ್ದರು. ಮಂಗ ತಿಂಡಿಯ ಚೂರನ್ನು ಎತ್ತಿಕೊಂಡಾಗ ಕೆಲವು ಕೋಶಗಳು ಮಿಡಿಯುತ್ತಿದ್ದವು. ಪ್ರಯೋಗ ಮಾಡುವವರು ತಾವೇ ಆ ಚೂರನ್ನು ಎತ್ತಿದಾಗ, ಮಂಗ ಕೈ ಅಲ್ಲಾಡಿಸದೆ ಸುಮ್ಮನೆ ಕೂತಿದ್ದಾಗಲೂ, ಅವುಗಳಲ್ಲಿ ಕೆಲವು ಮಿಡಿದವು. 1992ರಲ್ಲಿ ಮೊದಲ ವರದಿ ಬಂತು. 1996ರಲ್ಲಿ ಇವಕ್ಕೆ ಮಿರರ್ ನ್ಯೂರಾನ್, ಅಂದರೆ ಕನ್ನಡಿ ನರಕೋಶ, ಎಂಬ ಹೆಸರು ಬಿತ್ತು. ಆ ವರ್ಷದ ಒಂದು ಪ್ರಬಂಧದಲ್ಲಿ ಎರಡು ಮಂಗಗಳ 532 ಕೋಶಗಳ ಲೆಕ್ಕವಿದೆ. ಹೀಗೆ ಮಾಡುವಾಗಲೂ ನೋಡುವಾಗಲೂ ಮಿಡಿದವು 92. ಅವು ಹಂದಿಯ ಹಾಗೆ ಗಿಡ್ಡ ಬಾಲವಿರುವ, ಆಗ್ನೇಯ ಏಷ್ಯಾದ ಜಾತಿಯ ಮಂಗಗಳು. ನಮ್ಮ ಶರಾವತಿ ಕಣಿವೆಯ ಸಿಂಗಳೀಕ ಅದರ ಹತ್ತಿರದ ನೆಂಟ, ಅಂಗಳಕ್ಕೆ ಬರುವ ಮಂಗ ಸ್ವಲ್ಪ ದೂರದ್ದು.

ಮುಂದಿನ ಪ್ರಯೋಗಗಳು ನನಗೆ ಇನ್ನೂ ಹೆಚ್ಚು ಇಷ್ಟ. 2002ರಲ್ಲಿ ಕಡಲೆಕಾಯಿ ಒಡೆಯುವ, ಕಾಗದ ಹರಿಯುವ ಸದ್ದನ್ನಷ್ಟೇ ಕೇಳಿಸಿದಾಗಲೂ ಕೆಲವು ಕೋಶಗಳು ಮಿಡಿದವು. ಒಳಗೆ ಒಲೆಯ ಮುಂದೆ ಇದ್ದರೂ, ಅಂಗಳದಲ್ಲಿ ಕತ್ತಿಗೆ ಸಿಕ್ಕಿದ್ದು ಎಳೆ ಅಡಿಕೆಯೋ ಬಲಿತದ್ದೋ ಎಂದು ನನಗೆ ಸದ್ದಿನಲ್ಲೇ ಗೊತ್ತಾಗುತ್ತದೆ, ಬೆರಳು ತಾನಾಗಿ ಬಿಗಿಯಾಗುತ್ತದೆ. 2005ರಲ್ಲಿ ಮಿದುಳಿನ ಇನ್ನೊಂದು ಜಾಗದಲ್ಲಿ, ತಿನ್ನಲಿಕ್ಕೆ ಎತ್ತುವ ಕೈಗೂ ಡಬ್ಬಿಗೆ ಹಾಕಲಿಕ್ಕೆ ಎತ್ತುವ ಕೈಗೂ ಬೇರೆ ಬೇರೆ ರೀತಿ ಮಿಡಿಯುವ ಕೋಶಗಳು ಸಿಕ್ಕವು. ಕೈ ಎತ್ತುವಾಗಲೇ, ಕೆಲಸ ಮುಗಿಯುವ ಮೊದಲೇ ಆ ವ್ಯತ್ಯಾಸ ಕಾಣುತ್ತಿತ್ತು. ಸುಲಿಯುವವರಿಗೆ ಇದು ದಿನನಿತ್ಯದ ಅನುಭವ. ದೊಡ್ಡಮ್ಮ ರಾಶಿಗೆ ಕೈ ಹಾಕಿದ ರೀತಿಯಲ್ಲೇ ಆ ಅಡಿಕೆ ಕತ್ತಿಗೆ ಹೋಗುತ್ತದೋ, ಹಣ್ಣಾಗಿದೆ ಎಂದು ಸಿಪ್ಪೆ ಸಮೇತ ಒಣಗಿಸುವ ಗೋಟಿನ ಬುಟ್ಟಿಗೆ ಬೀಳುತ್ತದೋ ಹೇಳಿಬಿಡಬಹುದು.

ಇದು ಸುಲಿಯಲು ಗೊತ್ತಿರುವವರಿಗೆ ಮಾತ್ರ ಹೀಗೆ ಕಾಣುತ್ತದೆ ಎನ್ನುವುದು ನನ್ನ ನಂಬಿಕೆ. ಅದಕ್ಕೆ ಗಟ್ಟಿ ಆಧಾರ ಕೊಟ್ಟದ್ದು ಬ್ಯಾಲೆ ನರ್ತಕರ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನ. ಬ್ಯಾಲೆಯಲ್ಲಿ ಕೆಲವು ಚಲನೆಗಳನ್ನು ಗಂಡಸರೇ ಮಾಡುತ್ತಾರೆ, ಕೆಲವನ್ನು ಹೆಂಗಸರೇ. ಅಭ್ಯಾಸ ಒಟ್ಟಿಗೇ ನಡೆಯುವುದರಿಂದ ಎರಡೂ ಎಲ್ಲರ ಕಣ್ಣಿಗೆ ಚೆನ್ನಾಗಿ ಪರಿಚಿತ. ಆದರೂ ಸ್ಕ್ಯಾನರ್‌ನಲ್ಲಿ ಮಲಗಿಸಿ ವಿಡಿಯೋ ತೋರಿಸಿದಾಗ, ತಾವು ಸ್ವತಃ ಮಾಡುವ ಚಲನೆಗಳಿಗೆ ಅವರ ಮಿದುಳಿನ ಚಲನೆಯ ಭಾಗಗಳು ಹೆಚ್ಚು ಸ್ಪಂದಿಸಿದವು.

ಅಡಿಕೆ ತೋಟದಲ್ಲೂ ಕೆಲಸ ಹೀಗೆಯೇ ಹಂಚಿಹೋಗಿದೆ. ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿ, ಅಡಿಕೆ ಗೊನೆ ಇಳಿಸುತ್ತ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟುವ ಕೊನೆಗಾರರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಪ್ರತಿಸಲ ಎದೆ ಝಲ್ಲೆನ್ನುತ್ತದೆ, ಆದರೆ ಅವರ ಪಾದ ಯಾವಾಗ ಒತ್ತುತ್ತದೆ, ಯಾವಾಗ ಸಡಿಲವಾಗುತ್ತದೆ ಎಂದು ಇವತ್ತಿಗೂ ನನಗೆ ಹಿಡಿತಕ್ಕೆ ಬಂದಿಲ್ಲ. ದೊಡ್ಡಮ್ಮನ ಮಣಿಕಟ್ಟು ಅರ್ಧ ತಿರುಗಿದರೆ ಸಾಕು, ನನ್ನದೂ ತಿರುಗಿದಂತೆ ಅನ್ನಿಸುತ್ತದೆ. "ನೋಡಿ ಕಲಿ" ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಮಾಡುತ್ತ ಹೋದ ಹಾಗೆ ನೋಡುವುದೂ ಬಲಿಯುತ್ತದೆ ಎನ್ನುವುದನ್ನೂ ಅದರ ಜೊತೆಗೆ ಸೇರಿಸಬೇಕು. ಸಿಸಿಲಿಯಾ ಹೇಯ್ಸ್ ಎಂಬ ಮನೋವಿಜ್ಞಾನಿ ಬಹಳ ವರ್ಷಗಳಿಂದ ಇಂಥದೇ ವಾದ ಮಾಡುತ್ತಿದ್ದಾರೆ. ಈ ಕೋಶಗಳ ಗುಣ ಹುಟ್ಟಿನಿಂದ ಬಂದದ್ದಲ್ಲ, ಮಾಡಿದ್ದೂ ನೋಡಿದ್ದೂ ಜೊತೆಜೊತೆಗೆ ಒದಗಿ ಕಲಿತದ್ದು ಎಂದು. ಎಲ್ಲರೂ ಒಪ್ಪಿಲ್ಲ. ನಾನು ಒಪ್ಪುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ಅನುಕಂಪ, ಭಾಷೆ, ಸಂಸ್ಕೃತಿ ಎಲ್ಲವನ್ನೂ ಈ ಕೋಶಗಳ ತಲೆಗೆ ಕಟ್ಟಿ ಭಾಷಣ ಮಾಡುವವರು ಬಹಳ. ಆಟಿಸಂ ಇರುವ ಮಕ್ಕಳಲ್ಲಿ ಈ "ಕನ್ನಡಿ" ಒಡೆದಿದೆ ಎಂಬ ಮಾತೂ ಹರಡಿತು. ಅದಕ್ಕೆ ನಿಲ್ಲುವಂಥ ಪುರಾವೆ ಸಿಕ್ಕಿಲ್ಲ. ಅಂಥ ಮಗುವಿನ ತಾಯಿ ಕೂತಿರುವ ಸಭೆಯಲ್ಲಿ ಆ ಮಾತು ಆಡುವ ಮೊದಲು ನಾಲಿಗೆ ಹಿಡಿದುಕೊಳ್ಳಬೇಕು.

ಸುಲಿಯುವ ಯಂತ್ರ ಈಗ ಬಹಳ ಮನೆಗಳಿಗೆ ಬಂದಿದೆ. ಆದರೂ ಈ ಸಲ ನಾದಿನಿಯ ಮಗಳು, "ಅತ್ತೆ, ನಂಗೂ ಹೇಳ್ಕೊಡಿ" ಅಂದಿದ್ದಾಳೆ. ದೊಡ್ಡಮ್ಮ ನನ್ನನ್ನು ಭುಜಕ್ಕೆ ಭುಜ ತಾಗುವಂತೆ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. "ಮುಖ ಎಂತಕ್ಕೆ ನೋಡ್ತಿ? ಕೈ ನೋಡೆ" ಎನ್ನುತ್ತಿದ್ದರು. ಮೊದಲು ಕತ್ತಿ ಕೊಡದೆ, ತಾವು ಸೀಳಿಕೊಟ್ಟ ಅಡಿಕೆಯ ಸಿಪ್ಪೆ ಬಿಡಿಸಲು ಹಚ್ಚಿದ್ದರು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಮಂಗದ ಈ ಕೋಶಗಳಲ್ಲಿ ಹೆಚ್ಚಿನವು ಯಾವ ದಿಕ್ಕಿನಿಂದ ನೋಡುತ್ತೇವೆ ಎನ್ನುವುದನ್ನು ಅವಲಂಬಿಸಿ ಮಿಡಿಯುತ್ತವೆ. ಮಾಡುವವರ ಕಣ್ಣಿಗೆ ಕಾಣುವ ನೋಟಕ್ಕೆ ಕೆಲವು, ಎದುರಿನಿಂದ ಕಾಣುವುದಕ್ಕೆ ಕೆಲವು, ಪಕ್ಕದಿಂದ ಕಾಣುವುದಕ್ಕೆ ಕೆಲವು.

ಹುಡುಗಿ ಎಡಗೈಯವಳು. ಪಕ್ಕದಲ್ಲಿ ಕೂತರೆ ನನ್ನ ಬಲಗೈಯ ಕೆಲಸವನ್ನೆಲ್ಲ ಅವಳು ತಿರುವಿಕೊಳ್ಳಬೇಕಾಗುತ್ತದೆ. ಎದುರಿಗೆ ಕೂತರೆ ಕೈಗೆ ಕೈ ನೇರ ಹೊಂದುತ್ತದೆ, ಆದರೆ ಕತ್ತಿಯ ಬಾಯಿ ಅವಳಿಗೆ ಉಲ್ಟಾ ಕಾಣುತ್ತದೆ. ಎರಡೂ ಕಡೆ ಕೂರಿಸಿ ನೋಡುತ್ತೇನೆ. ನಿಮ್ಮ ಮನೆಯಲ್ಲಿ ಎಡಗೈಯಲ್ಲಿ ಸುಲಿಯುವವರಿದ್ದರೆ, ಅವರಿಗೆ ಕಲಿಸಿದವರು ಎಲ್ಲಿ ಕೂತಿದ್ದರು ಎಂದು ಕೇಳಿ ತಿಳಿಸಿ.