ಕೊಲ್ಲಿಯ ಕಡೆಗೆ ರೂಪಾಯಿಯ ಎರಡನೆಯ ಪಯಣ

2023ರ ಜುಲೈ 15ರಂದು ಅಬುಧಾಬಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ನ ಕೇಂದ್ರ ಬ್ಯಾಂಕ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವ್ಯಾಪಾರದ ಲೆಕ್ಕವನ್ನು ರೂಪಾಯಿ ಮತ್ತು ದಿರ್ಹಮ್‌ಗಳಲ್ಲೇ ಚುಕ್ತಾ ಮಾಡಲು ಅವಕಾಶ ಕೊಡುವ ಒಪ್ಪಂದ ಅದು. ಮುಂಬೈಯ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಮಾಟುಂಗದ ಹಿರಿಯ ಕನ್ನಡಿಗರಿಗೆ ಇದು ತೀರಾ ಹೊಸ ಸುದ್ದಿಯೇನಲ್ಲ. ದುಬೈಯಲ್ಲಿ ರೂಪಾಯಿಯೇ ಚಲಾವಣೆಯಲ್ಲಿದ್ದ ಕಾಲ ಅವರಿಗೆ ಗೊತ್ತು.

ಅವರಲ್ಲೊಬ್ಬರು ಜತನದಿಂದ ಕಾಪಾಡಿಕೊಂಡಿರುವ ಅಂದಿನ ನೋಟೊಂದನ್ನು ನನಗೆ ತೋರಿಸಿದ್ದರು. ವಿನ್ಯಾಸ ನಮ್ಮದೇ, ಬಣ್ಣ ಮಾತ್ರ ಬೇರೆ. ಕ್ರಮಸಂಖ್ಯೆಗೆ ಮೊದಲು ‘ಝಡ್’ ಅಕ್ಷರ. ಇಲ್ಲಿಂದ ಹೊತ್ತೊಯ್ದ ರೂಪಾಯಿಯಿಂದ ಕೊಲ್ಲಿಯಲ್ಲಿ ಚಿನ್ನ ಕೊಂಡು ಕಳ್ಳಸಾಗಣೆ ಮಾಡುವವರು ಹೆಚ್ಚಾಗಿ, ಆ ರೂಪಾಯಿಗಳು ಬ್ರಿಟನ್ನಿನ ಹಣವಾದ ಸ್ಟರ್ಲಿಂಗ್‌ಗಾಗಿ ರಿಸರ್ವ್ ಬ್ಯಾಂಕಿಗೇ ಮರಳಿ ಬಂದು ನಮ್ಮ ವಿದೇಶಿ ವಿನಿಮಯ ಸೋರಿಹೋಗುತ್ತಿದ್ದುದರಿಂದ, 1959ರಲ್ಲಿ ಕೊಲ್ಲಿಯಲ್ಲಷ್ಟೇ ಸಲ್ಲುವ ಈ ನೋಟುಗಳನ್ನು ಹೊರಡಿಸಲಾಯಿತು. ಕುವೈತ್ 1961ರಲ್ಲಿ, ಬಹ್ರೈನ್ 1965ರಲ್ಲಿ ಸ್ವಂತ ನಾಣ್ಯ ಮಾಡಿಕೊಂಡವು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿದ ಮೇಲೆ ದುಬೈ, ಕತಾರ್ ಕೂಡ ಅದನ್ನು ಕೈಬಿಟ್ಟವು. ದೆಹಲಿಯ ಒಂದು ತೀರ್ಮಾನದಿಂದ ತಮ್ಮ ಉಳಿತಾಯದ ಬೆಲೆ ರಾತ್ರೋರಾತ್ರಿ ಕುಸಿದದ್ದನ್ನು ಕಂಡವರು ಹಾಗೆ ಮಾಡಿದ್ದು ಸಹಜವೇ ಆಗಿತ್ತು.

ಹೊಸ ವ್ಯವಸ್ಥೆಯ ಆರಂಭ ಚೆನ್ನಾಗಿಯೇ ಆಯಿತು. ಮೊದಲು 25 ಕಿಲೋ ಚಿನ್ನ 12.84 ಕೋಟಿ ರೂಪಾಯಿಗೆ ಕೈಬದಲಾಯಿತು. ಆಗಸ್ಟ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಅಬುಧಾಬಿಯ ಸರ್ಕಾರಿ ತೈಲ ಕಂಪನಿಯಾದ ಅಡ್ನಾಕ್‌ನಿಂದ ಕೊಂಡ ಹತ್ತು ಲಕ್ಷ ಬ್ಯಾರೆಲ್ ಕಚ್ಚಾ ತೈಲಕ್ಕೆ ರೂಪಾಯಿಯಲ್ಲೇ ಹಣ ಪಾವತಿಸಿತು. ತೊಡಕಿರುವುದು ಕೊಡು-ಕೊಳ್ಳುವಿಕೆಯ ಅಂತರದಲ್ಲಿ. 2024-25ರಲ್ಲಿ ಎರಡು ದೇಶಗಳ ನಡುವಿನ ಸುಮಾರು 100 ಶತಕೋಟಿ ಡಾಲರ್ ವಹಿವಾಟಿನಲ್ಲಿ ನಮ್ಮ ರಫ್ತು 37 ಶತಕೋಟಿಯ ಆಸುಪಾಸು, ಉಳಿದದ್ದೆಲ್ಲ ಆಮದು. ಎಲ್ಲಕ್ಕೂ ರೂಪಾಯಿಯನ್ನೇ ಕೊಟ್ಟರೆ, ಖರ್ಚಾಗದೆ ಉಳಿಯುವ ಹಣವನ್ನು ಅವರು ಭಾರತದಲ್ಲೇ ಹೂಡಬೇಕು, ಇಲ್ಲವೇ ನಮ್ಮಿಂದ ಇನ್ನೂ ಹೆಚ್ಚು ಕೊಳ್ಳಬೇಕು. ಆದ್ದರಿಂದಲೇ 2022ರ ಮೇ 1ರಂದು ಜಾರಿಗೆ ಬಂದ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು ಈ ರೂಪಾಯಿ ಒಪ್ಪಂದಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ: ಸುಂಕ ಇಳಿದು ನಮ್ಮ ಬಟ್ಟೆ, ಆಭರಣ, ಯಂತ್ರೋಪಕರಣಗಳು ದುಬೈಯ ಜೆಬೆಲ್ ಅಲಿ ಬಂದರಿಗೆ ಹೆಚ್ಚು ಹೋದಷ್ಟೂ ರೂಪಾಯಿಗೆ ಅಲ್ಲಿ ಬಳಕೆ ಹುಟ್ಟುತ್ತದೆ.

ರಾಜಕೀಯ ವಿಶ್ವಾಸಕ್ಕೇನೂ ಕೊರತೆಯಿಲ್ಲ. 2015ರ ಆಗಸ್ಟ್‌ನಲ್ಲಿ, 34 ವರ್ಷಗಳ ನಂತರ, ಭಾರತದ ಪ್ರಧಾನಿಯೊಬ್ಬರು ಅಲ್ಲಿಗೆ ಹೋಗಿಬಂದರು. ಮುಂದೆ 2018ರಲ್ಲಿ ಅಡ್ನಾಕ್ ಮಂಗಳೂರಿನ ನೆಲದಡಿಯ ಕಲ್ಲುಗುಹೆಯಲ್ಲಿ ತನ್ನ ತೈಲ ತುಂಬಿಸತೊಡಗಿತು. ತುರ್ತು ಬಂದರೆ ಅದರ ಮೇಲೆ ಮೊದಲ ಹಕ್ಕು ಭಾರತದ್ದು.

ಇಷ್ಟಾದರೂ ವಾಶಿ ಮಾರುಕಟ್ಟೆಯಿಂದ ದುಬೈಗೆ ಮಸಾಲೆ ಕಳುಹಿಸುವ ನನ್ನ ಪರಿಚಯದ ಕನ್ನಡಿಗ ವರ್ತಕರೊಬ್ಬರು ಇಂದಿಗೂ ಬಿಲ್ ಬರೆಯುವುದು ಡಾಲರಿನಲ್ಲೇ. ರೂಪಾಯಿಗೆ ಅವರು ಸಿದ್ಧ, ಗಿರಾಕಿ ಒಪ್ಪುವುದಿಲ್ಲ. ದಿರ್ಹಮ್ 1997ರಿಂದ ಡಾಲರಿಗೆ 3.6725ರ ದರದಲ್ಲಿ ನಿಂತಿರುವುದರಿಂದ ಡಾಲರಿನಲ್ಲಿ ಆತನಿಗೆ ನಷ್ಟದ ಭಯವಿಲ್ಲ, ರೂಪಾಯಿಯಲ್ಲಿ ಇದೆ. ಆ ಭಯ ಕಳೆಯಬೇಕಾದರೆ ರೂಪಾಯಿಯ ಮುಂಗಡ ದರವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಸೌಲಭ್ಯವನ್ನು ನಮ್ಮ ಬ್ಯಾಂಕುಗಳು ದೊಡ್ಡ ಕಂಪನಿಗಳಿಗಷ್ಟೇ ಮೀಸಲಿಡದೆ, ಒಂದೆರಡು ಕಂಟೇನರ್ ಕೊಳ್ಳುವ ಸಣ್ಣ ಗಿರಾಕಿಗೂ ಎಟಕುವಂತೆ ಕೊಡಬೇಕು.